ಹಾಲು ಆಗದ ಕೂಸು, ಹತ್ತು ಬಾಯಿಯ ಸಲಹೆ

ಮಗಳಿಗೆ ಏಳು ವಾರ ತುಂಬಿದ್ದಾಗ ಒಂದು ಬೆಳಗಿನ ಜಾವ ಡೈಪರ್ ಬಿಚ್ಚಿದೆ. ಹಳದಿ ಮಲದಲ್ಲಿ ಲೋಳೆ, ಲೋಳೆಯೊಳಗೆ ಕುಂಕುಮದ ನೀರಲ್ಲಿ ಕಡ್ಡಿ ಅದ್ದಿ ಎಳೆದಂಥ ಸಣ್ಣ ಕೆಂಪು ಗೆರೆಗಳು. ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡಿದೆ. ಬೆಳಕು ಹರಿದ ಮೇಲೆ ಕಿಟಕಿ ಹತ್ತಿರ ಹಿಡಿದು ಮತ್ತೆ ನೋಡಿದೆ. ರಕ್ತವೇ. ಕೂಸು ಮಾತ್ರ ಕಾಲಾಡಿಸಿಕೊಂಡು ಆರಾಮಾಗಿತ್ತು.

ಹಲಸೂರು ಮಾರ್ಕೆಟ್ಟಿನ ಹಿಂದಿನ ನಮ್ಮ ವಠಾರದಲ್ಲಿ ಸುದ್ದಿ ಹರಡಲು ಮಧ್ಯಾಹ್ನದ ತನಕ ಕಾಯಬೇಕಾಗಲಿಲ್ಲ. ಕೆಳಗಿನ ಮನೆಯ ತಮಿಳು ಅಜ್ಜಿ, ರವಿಕೆ ಕೊಡಲು ಶಿವಾಜಿನಗರದಿಂದ ಬಂದ ಟೈಲರಮ್ಮ, ಕೆ.ಆರ್. ಪುರದ ಚಿಕ್ಕಮ್ಮ, ಇಂದಿರಾನಗರದಲ್ಲಿ ಕೆಲಸ ಮಾಡುವ ಗೆಳತಿ, ಎಲ್ಲರೂ ಸಲಹೆ ಕೊಟ್ಟರು. ದಂಡು ಪ್ರದೇಶದಲ್ಲಿ ಸಲಹೆ ಬರುವುದೂ ನಾಲ್ಕು ಭಾಷೆಯಲ್ಲಿ. ಪ್ರೀತಿಯಿಂದಲೇ ಕೊಟ್ಟರು, ಅನುಮಾನವಿಲ್ಲ. ಆದರೆ ಮುಕ್ಕಾಲು ಪಾಲು ತಪ್ಪಾಗಿತ್ತು. ನಾನು ವೈದ್ಯೆಯಲ್ಲ. ಮಲದಲ್ಲಿ ರಕ್ತ ಕಂಡರೆ ಅದು ಸೋಂಕಿರಬಹುದು, ಕರುಳಿನೊಳಗೆ ಕರುಳು ಸಿಕ್ಕಿಕೊಂಡಿರಬಹುದು, ಆದ್ದರಿಂದ ಮೊದಲು ಮಕ್ಕಳ ಡಾಕ್ಟರ ಹತ್ತಿರ ಹೋಗಬೇಕು. ನಾವೂ ಹೋದೆವು. ಹಸುವಿನ ಹಾಲಿನ ಪ್ರೋಟೀನಿನ ಅಲರ್ಜಿ ಎಂದರು. ಆಮೇಲಿನದೆಲ್ಲ ಕಲಿಯುತ್ತ ಹೋದದ್ದು.

"ಹಾಲು ಆಗಲ್ಲ ಅಂದ್ರೆ ಲ್ಯಾಕ್ಟೋಸ್ ತೊಂದರೆ"

ಅಲ್ಲ. ಲ್ಯಾಕ್ಟೋಸ್ ಎನ್ನುವುದು ಹಾಲಿನ ಸಕ್ಕರೆ. ಅಲರ್ಜಿ ಹುಟ್ಟುವುದು ಹಾಲಿನ ಪ್ರೋಟೀನಿನಿಂದ, ಮುಖ್ಯವಾಗಿ ಕೇಸಿನ್ ಮತ್ತು ಬೀಟಾ ಲ್ಯಾಕ್ಟೋಗ್ಲಾಬ್ಯುಲಿನ್‌ಗಳಿಂದ. ತಾಯಿಯ ಹಾಲಿನಲ್ಲಿ ಲ್ಯಾಕ್ಟೋಸ್ ಸುಮಾರು ಶೇ. 7ರಷ್ಟಿದೆ, ಹಸುವಿನ ಹಾಲಿನಲ್ಲಿ ಶೇ. 5ಕ್ಕೂ ಕಡಿಮೆ. ಲ್ಯಾಕ್ಟೋಸೇ ಆಗದ ಕೂಸಾಗಿದ್ದರೆ ತಾಯಿಯ ಹಾಲೇ ಮೊದಲ ದಿನದಿಂದ ಆಗಬಾರದಿತ್ತು. ಹುಟ್ಟಿನಿಂದ ಲ್ಯಾಕ್ಟೋಸ್ ಜೀರ್ಣವಾಗದ ಮಕ್ಕಳು ತೀರಾ ಅಪರೂಪ. ಜೋರು ಭೇದಿಯಾದ ಮೇಲೆ ಕೆಲವು ದಿನ ಹಾಗಾಗುವುದುಂಟು, ತಾನಾಗಿ ಸರಿಹೋಗುತ್ತದೆ. ಆದ್ದರಿಂದ ಅಲರ್ಜಿಯ ಮಗುವಿಗೆ ಅಂಗಡಿಯ 'ಲ್ಯಾಕ್ಟೋಸ್ ಫ್ರೀ' ಡಬ್ಬಿ ತಂದು ಪ್ರಯೋಜನವಿಲ್ಲ. ಅದರಲ್ಲಿ ತೆಗೆದಿರುವುದು ಸಕ್ಕರೆಯನ್ನು, ಪ್ರೋಟೀನು ಅಲ್ಲೇ ಇರುತ್ತದೆ.

"ಹಸುವಿನದು ಬೇಡ, ಮೇಕೆ ಹಾಲು ಕೊಡಿ. ಇಲ್ಲ, ನಾಟಿ ಹಸುವಿನದು. ಅದೂ ಆಗದಿದ್ದರೆ ಕತ್ತೆ ಇದೆಯಲ್ಲ"

ಮೇಕೆ ಹಾಲಿನ ಪ್ರೋಟೀನಿಗೂ ಹಸುವಿನ ಹಾಲಿನ ಪ್ರೋಟೀನಿಗೂ ಎಷ್ಟು ಹೋಲಿಕೆಯೆಂದರೆ, ಹಸುವಿನ ಹಾಲಿನ ಅಲರ್ಜಿಯಿರುವ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತಕ್ಕೆ ಮೇಕೆಯದೂ ಆಗುವುದಿಲ್ಲ. ಎಮ್ಮೆಯ ಹಾಲೂ ಅದೇ ಬಳಗ. ಮೇಕೆ ಹಾಲಿನಲ್ಲಿ ಫೋಲೇಟ್ ತೀರಾ ಕಡಿಮೆ, ಅದನ್ನೇ ನೆಚ್ಚಿಕೊಂಡ ಕೂಸಿಗೆ ರಕ್ತಹೀನತೆ ಬರುತ್ತದೆ.

'ಎ2' ಹಾಲಿನ ವಿಷಯ ಚಿಕ್ಕಮ್ಮನದು. ಹಳ್ಳಿಕಾರ್ ಹಸುವಿನ ಹಾಲು ಕೆ.ಆರ್. ಪುರದಿಂದ ಸ್ಟೀಲ್ ಕ್ಯಾನಿನಲ್ಲಿ ನಮ್ಮ ಮನೆ ತನಕ ಬಂದೂ ಬಿಟ್ಟಿತು. ಎ1, ಎ2 ಎಂಬ ವ್ಯತ್ಯಾಸ ಇರುವುದು ಬೀಟಾ ಕೇಸಿನ್ ಎಂಬ ಒಂದೇ ಪ್ರೋಟೀನಿನಲ್ಲಿ, ಅದರ 209 ಅಮೈನೋ ಆಮ್ಲಗಳ ಸರಪಳಿಯ ಒಂದೇ ಒಂದು ಕೊಂಡಿಯಲ್ಲಿ. ಉಳಿದ 208 ಕೊಂಡಿಗಳೂ ಬೀಟಾ ಲ್ಯಾಕ್ಟೋಗ್ಲಾಬ್ಯುಲಿನ್ನೂ ಹಾಗೇ ಇರುತ್ತವೆ. ನಾಟಿ ಹಸುವಿನ ಮೇಲೆ ನನಗೂ ಅಭಿಮಾನವಿದೆ, ಆದರೆ ಮಗಳ ಕರುಳಿಗೆ ಆ ಅಭಿಮಾನ ಗೊತ್ತಿಲ್ಲ. ಆ ಹಾಲಿನಲ್ಲಿ ಚಿಕ್ಕಮ್ಮನಿಗೇ ಕಾಫಿ ಮಾಡಿಕೊಟ್ಟೆ.

ಕತ್ತೆ ಹಾಲಿನ ಕಥೆ ಸ್ವಲ್ಪ ಬೇರೆ. ಬೆಂಗಳೂರಿನ ಹಳೆಯ ಬೀದಿಗಳಲ್ಲಿ ಕತ್ತೆ ಹೊಡೆದುಕೊಂಡು "ಕತ್ತೆ ಹಾಲೂ" ಎಂದು ಕೂಗುತ್ತ ಬರುವವರು ಇಂದಿಗೂ ಇದ್ದಾರೆ. ನಮ್ಮ ಓಣಿಗೂ ಬಂದರು. ಅಲ್ಲೇ ಕರೆದು, ಪುಟ್ಟ ಒಳಲೆಯಲ್ಲಿ ಒಂದು ಗುಟುಕು ಹಿಡಿದು "ಶೀತ, ಕಫ, ದೃಷ್ಟಿ ಎಲ್ಲ ಹೋಗತ್ತೆ ತಾಯಿ" ಎಂದರು. ಅಜ್ಜಿ ತಮಿಳಿನಲ್ಲಿ ಅದನ್ನೇ ಅನುಮೋದಿಸಿದರು. ವಿಜ್ಞಾನ ಇದನ್ನು ಪೂರ್ತಿ ತಳ್ಳಿಹಾಕುವುದಿಲ್ಲ ಎನ್ನುವುದೇ ತಮಾಷೆ. ಇಟಲಿಯ ಅಧ್ಯಯನಗಳಲ್ಲಿ ಹಸುವಿನ ಹಾಲು ಆಗದ ಬಹಳಷ್ಟು ಮಕ್ಕಳಿಗೆ ಕತ್ತೆ ಹಾಲು ಒಗ್ಗಿದೆ. ಆದರೆ ಅಲ್ಲಿ ಅದನ್ನು ಕೊಟ್ಟದ್ದು ಶುದ್ಧೀಕರಿಸಿ, ವೈದ್ಯರ ಕಣ್ಗಾವಲಿನಲ್ಲಿ. ಕತ್ತೆ ಹಾಲಿನಲ್ಲಿ ಕೊಬ್ಬು ಕಡಿಮೆ, ಕೂಸಿನ ಪೂರ್ಣ ಆಹಾರ ಅದಾಗದು. ಬೀದಿಯಲ್ಲಿ ಕರೆದ ಹಸಿ ಹಾಲೆಂದರೆ ಸೋಂಕಿಗೆ ಬಾಗಿಲು ತೆರೆದಂತೆ. ಒಳಲೆಯೂ ಮನೆಯಿಂದ ಮನೆಗೆ ಅದೇ.

ಬಾದಾಮಿ ಹಾಲು, ತೆಂಗಿನ ಹಾಲು ಹೆಸರಿಗಷ್ಟೇ ಹಾಲು. ವರ್ಷ ತುಂಬದ ಮಗುವಿಗೆ ಬೇಕಾದಷ್ಟು ಪ್ರೋಟೀನು ಅವುಗಳಲ್ಲಿ ಇಲ್ಲ. ಸೋಯಾ ಕೂಡ ಆರು ತಿಂಗಳೊಳಗೆ ಬೇಡ ಎನ್ನುತ್ತಾರೆ, ಹಾಲಾಗದ ಕೆಲವು ಮಕ್ಕಳಿಗೆ ಅದೂ ಆಗದು. ತಾಯಿಯ ಹಾಲು ಸಾಲದಿದ್ದರೆ ಇರುವ ದಾರಿ ಪ್ರೋಟೀನನ್ನು ಚೂರು ಚೂರಾಗಿ ಒಡೆದ ವಿಶೇಷ ಪುಡಿ. ಅದೂ ಆಗದ ಮಕ್ಕಳಿಗೆ ಬರೀ ಅಮೈನೋ ಆಮ್ಲದ್ದು. ರುಚಿ ಕಹಿ, ಡಬ್ಬಿಯೊಂದಕ್ಕೆ ಸಾವಿರ ದಾಟುತ್ತದೆ, ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುವುದಿಲ್ಲ.

"ನಿನ್ನ ಹಾಲಿನಲ್ಲೇ ನಂಜಿದೆ, ಬಿಡಿಸು"

ಇದು ಎಲ್ಲಕ್ಕಿಂತ ಹೆಚ್ಚು ನೋಯಿಸಿದ ಮಾತು, ಎಲ್ಲಕ್ಕಿಂತ ಹೆಚ್ಚು ತಪ್ಪಾದದ್ದೂ ಹೌದು.

ನಾನು ಕುಡಿದ ಹಾಲಿನ ಪ್ರೋಟೀನಿನ ಲವಲೇಶ ನನ್ನ ಎದೆಹಾಲಿಗೆ ಇಳಿಯುತ್ತದೆ, ನಿಜ. ನ್ಯಾನೋಗ್ರಾಂ ಲೆಕ್ಕದಲ್ಲಿ. ಬಹುಪಾಲು ಮಕ್ಕಳಿಗೆ ಅದರಿಂದ ಏನೂ ಆಗದು, ಕೆಲವಕ್ಕೆ ಆಗುತ್ತದೆ. ಅಂಥ ಕಡೆ ಬಿಡಿಸಬೇಕಾದದ್ದು ಮಗುವಿಗೆ ತಾಯಿಯ ಹಾಲನ್ನಲ್ಲ, ತಾಯಿಗೆ ಹಸುವಿನ ಹಾಲನ್ನು.

ಇಲ್ಲೊಂದು ವಿಪರೀತವಿದೆ. ನಮ್ಮ ಬಾಣಂತನದ ಪಥ್ಯದಲ್ಲಿ ಬದನೆ ಬೇಡ, ಆಲೂಗಡ್ಡೆ ವಾಯು, ಕುಂಬಳ ಶೀತ, ಬೇಳೆ ಕಟ್ಟುತ್ತದೆ, ಹಣ್ಣು ಮುಟ್ಟಬೇಡ. ಹೀಗೆ ನಿರಪರಾಧಿಗಳನ್ನೆಲ್ಲ ಹೊರಗೆ ಹಾಕಿ, ಅನ್ನದ ಮೇಲೆ ತುಪ್ಪ ಸುರಿದು, ರಾತ್ರಿಗೊಂದು ಲೋಟ ಬಿಸಿ ಹಾಲು ಕೊಟ್ಟು ಮಲಗಿಸುತ್ತಾರೆ. ಮಗಳಿಗೆ ಆಗದಿದ್ದ ಒಂದೇ ಪದಾರ್ಥವನ್ನು ನನಗೆ ದಿನಕ್ಕೆ ಐದು ಸಲ ತಿನ್ನಿಸಿದ್ದರು. ಉಳಿದದ್ದನ್ನೆಲ್ಲ ನಾನು ಸುಮ್ಮನೆ ಬಿಟ್ಟು ಸೊರಗಿದ್ದೆ.

ಡಾಕ್ಟರು ಹೇಳಿದ್ದು ಇಷ್ಟು: ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ, ಪನೀರು, ಖೋವಾ ಎರಡರಿಂದ ನಾಲ್ಕು ವಾರ ಪೂರ್ತಿ ಬಿಡಿ. ಬೇರೆ ಯಾವುದನ್ನೂ ಬಿಡಬೇಡಿ. ಗುಣ ಕಂಡರೆ ಮತ್ತೆ ಒಮ್ಮೆ ಹಾಲು ಸೇರಿಸಿ ನೋಡೋಣ, ರಕ್ತ ಮತ್ತೆ ಬಂದರೆ ಆಗ ಖಾತ್ರಿ. ಈ ಕೊನೆಯ ಮೆಟ್ಟಿಲನ್ನು ಎಷ್ಟೋ ಮನೆಗಳಲ್ಲಿ ಹತ್ತುವುದೇ ಇಲ್ಲ. ಬಿಟ್ಟದ್ದು ಬಿಟ್ಟೇ ಹೋಗುತ್ತದೆ. ಮಗುವಿಗೆ ಅಲರ್ಜಿಯೇ ಇರಲಿಲ್ಲ ಎಂಬುದು ಎರಡು ವರ್ಷದ ಮೇಲೆ ತಿಳಿಯುತ್ತದೆ, ಅಷ್ಟರಲ್ಲಿ ತಾಯಿಯ ಮೂಳೆ ಸವೆದಿರುತ್ತದೆ. ನನಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆ ಬರೆದುಕೊಟ್ಟರು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಮುದ್ದೆ ಹೊಟ್ಟೆ ತುಂಬಿಸಿತು. ಫಿಲ್ಟರ್ ಕಾಫಿಯ ದುಃಖ ಮಾತ್ರ ಮುದ್ದೆಯಿಂದ ನೀಗುವಂಥದ್ದಲ್ಲ.

ಹನ್ನೆರಡನೆಯ ದಿನ ಕೆಂಪು ಗೆರೆ ನಿಂತಿತು. ಮತ್ತೆ ಹಾಲು ಸೇರಿಸಿದ ಮೂರನೆಯ ದಿನ ಹಾಜರಾಯಿತು.

"ಒಂದು ಬ್ಲಡ್ ಟೆಸ್ಟ್ ಮಾಡಿಸಿ, ಎಲ್ಲ ಗೊತ್ತಾಗುತ್ತೆ"

ಈ ಸಲಹೆ ಇಂದಿರಾನಗರದ ಗೆಳತಿಯದು. ನೂರು ಆಹಾರಗಳ ಪ್ಯಾಕೇಜು, ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರಂತೆ. ನನ್ನ ಮಗಳ ಬಗೆಯ ಅಲರ್ಜಿ ಐಜಿಇ ಎಂಬ ಪ್ರತಿಕಾಯದ್ದಲ್ಲ, ಕರುಳಿನ ಮಟ್ಟದ್ದು. ಅದು ಯಾವ ರಕ್ತಪರೀಕ್ಷೆಯಲ್ಲೂ ಕಾಣುವುದಿಲ್ಲ. ತಿಂದ ಕೆಲವೇ ನಿಮಿಷಗಳಲ್ಲಿ ದದ್ದು, ಊತ ತರುವ ಐಜಿಇ ಬಗೆಯಲ್ಲೂ 'ಪಾಸಿಟಿವ್' ಎಂದರೆ ಅಲರ್ಜಿ ಇದೆ ಎಂದೇ ಅರ್ಥವಲ್ಲ.

ಇದಕ್ಕೆ ಪುರಾವೆ ನಮ್ಮ ರಾಜ್ಯದಲ್ಲೇ ಇದೆ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಯೂರೋಪ್ರಿವಾಲ್ ಎಂಬ ಅಂತಾರಾಷ್ಟ್ರೀಯ ಯೋಜನೆಯಡಿ ಕರ್ನಾಟಕದ ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಯಾವುದಾದರೂ ಒಂದು ಆಹಾರಕ್ಕೆ ರಕ್ತದಲ್ಲಿ ಐಜಿಇ ಕಂಡದ್ದು ಶೇ. 26.5 ಜನರಲ್ಲಿ. ತಿಂದಾಗ ನಿಜಕ್ಕೂ ತೊಂದರೆಯಾಗುವ, ಅಲರ್ಜಿಯೆಂದು ಹೇಳಬಹುದಾದವರು ಶೇ. 1.2 ಮಾತ್ರ. ಅಂದರೆ ಕಾಗದದ ಮೇಲಿನ 'ಪಾಸಿಟಿವ್' ಇಪ್ಪತ್ತು ಜನರಿದ್ದರೆ ಅದರಲ್ಲಿ ಅಲರ್ಜಿಯವರು ಒಬ್ಬರೇ. ಅದೇ ಯೋಜನೆಯ ಶಾಲಾಮಕ್ಕಳ ಅಧ್ಯಯನದಲ್ಲಿ ಭಾರತದ ಮಕ್ಕಳಲ್ಲಿ ಇಂಥ ಅಲರ್ಜಿಯ ಲೆಕ್ಕ ಶೇ. 0.14, ಹಾಂಗ್‌ಕಾಂಗ್‌ನದು ಶೇ. 1.5. ಕಾಗದ ನೋಡಿಕೊಂಡು ಗೋಧಿ, ತೊಗರಿ, ಬದನೆ, ಟೊಮೆಟೊ ಎಲ್ಲ ಬಿಡಿಸಿದರೆ ಮಗುವಿನ ತೂಕ ಇಳಿಯುತ್ತದೆಯೇ ಹೊರತು ಅಲರ್ಜಿ ಇಳಿಯುವುದಿಲ್ಲ. ಇನ್ನು 'ಐಜಿಜಿ' ಎಂಬ ಪರೀಕ್ಷೆ ಹೇಳುವುದು ಆ ಆಹಾರವನ್ನು ನೀವು ತಿಂದಿದ್ದೀರಿ ಎಂದಷ್ಟೇ. ಅದು ನಮಗೆ ಮೊದಲೇ ಗೊತ್ತಿರುತ್ತದೆ.

"ಅನ್ನದ ಗಂಜಿ ಯಾರಿಗೆ ಆಗಲ್ಲ ಹೇಳಿ"

ಕೆಲವು ಕೂಸುಗಳಿಗೆ. ಎಫ್‌ಪೈಸ್ ಎಂದು ಕರೆಯುವ ಅಲರ್ಜಿಯ ಒಂದು ಬಗೆಯಲ್ಲಿ ಅಕ್ಕಿಯೂ ಹೆಸರಾಂತ ಅಪರಾಧಿ. ಚಿಕ್ಕಮ್ಮನ ಪಕ್ಕದ ಮನೆಯ ಆರು ತಿಂಗಳ ಗಂಡುಮಗುವಿನದು ಇದೇ ಕಥೆ. ಗಂಜಿ ಕುಡಿಸಿದಾಗ ಏನೂ ಇಲ್ಲ. ಎರಡು ಗಂಟೆ ಕಳೆದ ಮೇಲೆ ವಾಂತಿ, ಮತ್ತೆ ವಾಂತಿ. ಮಗು ಬಿಳಿಚಿಕೊಂಡು ಒದ್ದೆ ಬಟ್ಟೆಯಂತೆ ಜೋತುಬಿದ್ದಿತು. ದದ್ದಿಲ್ಲ, ಜ್ವರವಿಲ್ಲ. ಮೊದಲ ಸಲ ಹೊಟ್ಟೆ ಕೆಟ್ಟಿದೆ ಎಂದರು. ಎರಡನೆಯ ಸಲವೂ ಅದೇ. ಮೂರನೆಯ ಸಲ ಒಬ್ಬ ಡಾಕ್ಟರು "ಎರಡು ಗಂಟೆ ಮುಂಚೆ ಏನು ಕೊಟ್ಟಿರಿ?" ಎಂದು ಕೇಳಿದರು. ಒಂದರಿಂದ ನಾಲ್ಕು ಗಂಟೆ ಹಿಂದಿನ ಊಟವನ್ನು ನೆನಪಿಸಿಕೊಳ್ಳಬೇಕು ಎಂಬುದು ಗೊತ್ತಿದ್ದರೆ ಸಾಕು, ಅರ್ಧ ರೋಗನಿರ್ಣಯ ಆದಂತೆ.

ರಾಗಿ ಸರಿ ಒಳ್ಳೆಯದೇ. ಆದರೆ ಅದರ ಹಿಟ್ಟಿಗೆ ಗೋಡಂಬಿ, ಬಾದಾಮಿ, ಕಡಲೆಬೀಜ, ಹೆಸರುಕಾಳು ಎಲ್ಲ ಹುರಿದು ಹಾಕಿ ಮಿಲ್ಲಿಗೆ ಕಳಿಸಿದರೆ, ಮಗುವಿಗೆ ಏನಾದರೂ ಆದಾಗ ಯಾವುದರಿಂದ ಎಂದು ಹುಡುಕುವುದು ಹೇಗೆ? ಮೊದಲು ರಾಗಿಯೊಂದೇ. ನಾಲ್ಕು ದಿನ ಬಿಟ್ಟು ಇನ್ನೊಂದು. ಮಿಲ್ಲಿನ ಕಲ್ಲಿನಲ್ಲಿ ನಮಗಿಂತ ಮುಂಚಿನವರ ಹಿಟ್ಟು ಉಳಿದಿರುತ್ತದೆ, ಅದಕ್ಕೆ ನಾನು ರಾಗಿ ಮನೆಯಲ್ಲೇ ಮಿಕ್ಸಿಗೆ ಹಾಕುತ್ತಿದ್ದೆ.

"ಕಡಲೆಬೀಜ, ಮೊಟ್ಟೆ ಎರಡು ವರ್ಷ ಮುಟ್ಟಿಸಬೇಡಿ"

ಒಂದು ಕಾಲದಲ್ಲಿ ಡಾಕ್ಟರುಗಳೇ ಹೀಗೆ ಹೇಳುತ್ತಿದ್ದರು. 2015ರಲ್ಲಿ ಲಂಡನ್ನಿನ ಗಿಡಿಯನ್ ಲ್ಯಾಕ್ ತಂಡದ 'ಲೀಪ್' ಅಧ್ಯಯನ ಅದನ್ನು ತಲೆಕೆಳಗು ಮಾಡಿತು. ಅಲರ್ಜಿಯ ಅಪಾಯ ಹೆಚ್ಚಿದ್ದ 640 ಕೂಸುಗಳಲ್ಲಿ ಅರ್ಧಕ್ಕೆ ಹನ್ನೊಂದು ತಿಂಗಳೊಳಗೆ ಕಡಲೆಬೀಜದ ಆಹಾರ ಶುರುಮಾಡಿದರು, ಅರ್ಧಕ್ಕೆ ಕೊಡಲಿಲ್ಲ. ಐದು ವರ್ಷ ತುಂಬಿದಾಗ, ಕೊಡದವರಲ್ಲಿ ಶೇ. 17.2ಕ್ಕೆ ಕಡಲೆಬೀಜದ ಅಲರ್ಜಿ, ಕೊಟ್ಟವರಲ್ಲಿ ಶೇ. 3.2ಕ್ಕೆ. ಇಡೀ ಬೀಜವಲ್ಲ, ಅದು ಗಂಟಲಿಗೆ ಸಿಕ್ಕೀತು. ನುಣ್ಣಗೆ ಅರೆದು ತೆಳ್ಳಗೆ ಮಾಡಿದ್ದು. ಈಗಾಗಲೇ ಮೈತುಂಬ ಇಸುಬು ಇರುವ ಅಥವಾ ಬೇರೆ ಅಲರ್ಜಿ ಇರುವ ಮಗುವಾದರೆ ಡಾಕ್ಟರನ್ನು ಕೇಳಿಯೇ ಶುರುಮಾಡಬೇಕು.

"ಹಾಗಾದರೆ ಅಲರ್ಜಿ ಇರೋದನ್ನೂ ಸ್ವಲ್ಪ ಸ್ವಲ್ಪ ಕೊಟ್ಟು ಅಭ್ಯಾಸ ಮಾಡಿ"

ಬರುವ ಮುಂಚೆ ತಡೆಯುವುದು ಬೇರೆ, ಬಂದ ಮೇಲೆ ಒಗ್ಗಿಸುವುದು ಬೇರೆ. ಎರಡನೆಯದು ಆಸ್ಪತ್ರೆಯ ಕೆಲಸ, ಜಗುಲಿಯ ಪ್ರಯೋಗವಲ್ಲ.

"ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ಇದೆ, ವೀಗನ್ ಅಂತ ಬರೆದಿದೆ"

ಹಸಿರು ಚುಕ್ಕೆಯೊಳಗೆ ಹಾಲು ನಿಶ್ಚಿಂತೆಯಿಂದ ಕೂತಿರುತ್ತದೆ. ವೀಗನ್ ಸಿಹಿಗೆ ಹಾಲು ಹಾಕಿರುವುದಿಲ್ಲ, ಆದರೆ ಗೋಡಂಬಿ, ಸೋಯಾ ಇದ್ದೀತು. ಓದಬೇಕಾದದ್ದು ಪದಾರ್ಥಗಳ ಪಟ್ಟಿ. ನಮ್ಮ ದೇಶದ 2020ರ ಲೇಬಲ್ ನಿಯಮದ ಪ್ರಕಾರ ಗ್ಲುಟೆನ್ ಇರುವ ಧಾನ್ಯ, ಸಿಗಡಿ ಏಡಿಗಳಂಥವು, ಹಾಲು, ಮೊಟ್ಟೆ, ಮೀನು, ಕಡಲೆಬೀಜ, ಗೋಡಂಬಿ ಬಾದಾಮಿ ಜಾತಿಯ ಬೀಜಗಳು, ಸೋಯಾ, ಸಲ್ಫೈಟ್ ಇದ್ದರೆ ಪ್ಯಾಕೆಟ್ಟಿನ ಮೇಲೆ ಪ್ರತ್ಯೇಕವಾಗಿ ಹೇಳಬೇಕು. ಆ ಪಟ್ಟಿಯಲ್ಲಿ ಎಳ್ಳು ಇಲ್ಲ. ನನಗದು ತಿಳಿದದ್ದು ಮಗಳಿಗೆ ಹತ್ತು ತಿಂಗಳಾಗಿದ್ದಾಗ, ಎಳ್ಳಿದ್ದ ಒಂದು ಬ್ರೆಡ್ ಕಡ್ಡಿ ಚೀಪಿ ಐದು ನಿಮಿಷಕ್ಕೆ ತುಟಿಯ ಸುತ್ತ ದದ್ದೆದ್ದು ಕಣ್ಣ ರೆಪ್ಪೆ ಊದಿದಾಗ. ಬಿಡಿಯಾಗಿ ಮಾರುವ ಬೇಕರಿ ತಿನಿಸಿಗಂತೂ ಲೇಬಲ್ಲೇ ಇರುವುದಿಲ್ಲ.

"ದದ್ದು ತಾನೇ, ಅಲರ್ಜಿ ಸಿರಪ್ ಹಾಕಿ ಮಲಗಿಸಿ"

ಬರೀ ದದ್ದಾದರೆ ಸಿರಪ್ ಸರಿ. ಉಸಿರಿನಲ್ಲಿ ಸುಯ್ ಶಬ್ದ, ಧ್ವನಿ ಕಟ್ಟುವುದು, ಮೇಲಿಂದ ಮೇಲೆ ವಾಂತಿ, ಮಗು ಸೋತು ಬೀಳುವುದು ಸೇರಿತೆಂದರೆ ಸಿರಪ್ಪಿಗೆ ಅದು ಬಗ್ಗದು. ಆಗ ಬೇಕಾದದ್ದು ತೊಡೆಯ ಹೊರಭಾಗದ ಸ್ನಾಯುವಿಗೆ ಅಡ್ರಿನಲಿನ್ ಚುಚ್ಚುಮದ್ದು, ಅದೂ ನಿಮಿಷಗಳೊಳಗೆ. ಹೊರದೇಶದಲ್ಲಿ ಜೇಬಿನಲ್ಲಿಟ್ಟುಕೊಳ್ಳುವ ಪೆನ್ನಿನಂಥ ಅಡ್ರಿನಲಿನ್ ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ಹತ್ತಿರದ ಎಮರ್ಜೆನ್ಸಿ ಯಾವುದು ಎಂದು ಮೊದಲೇ ನೋಡಿಟ್ಟುಕೊಳ್ಳಬೇಕು. ಕೆ.ಆರ್. ಪುರದವರು ಊರೊಳಗಿನ ದೊಡ್ಡ ಆಸ್ಪತ್ರೆಯೇ ಬೇಕೆಂದು ಹೊರಟು ಟಿನ್ ಫ್ಯಾಕ್ಟರಿಯ ಜಾಮಿನಲ್ಲಿ ಸಿಕ್ಕಿಕೊಳ್ಳಬಾರದು. ಶಿವಾಜಿನಗರದವರಿಗೆ ಬೌರಿಂಗ್ ಆಸ್ಪತ್ರೆ ಪಕ್ಕದಲ್ಲೇ ಇದೆ. 108ಕ್ಕೆ ಫೋನ್ ಮಾಡುವಾಗ "ಮಗುವಿಗೆ ಜೋರು ಅಲರ್ಜಿ, ಉಸಿರಾಟದ ತೊಂದರೆ" ಎಂದು ಸ್ಪಷ್ಟವಾಗಿ ಹೇಳಿ.

"ಇನ್ನು ಜೀವನಪೂರ್ತಿ ಹೀಗೇನೇ"

ಹಾಲಿನ ಅಲರ್ಜಿ ಬಹುಪಾಲು ಮಕ್ಕಳಲ್ಲಿ ಶಾಲೆಗೆ ಹೋಗುವಷ್ಟರಲ್ಲಿ ಕಳೆಯುತ್ತದೆ. ನನ್ನ ಮಗಳ ಬಗೆಯದು ಸಾಮಾನ್ಯವಾಗಿ ವರ್ಷದ ಆಸುಪಾಸಿನಲ್ಲೇ. ಅವಳಿಗೀಗ ನಾಲ್ಕು ವರ್ಷ. ಮೊಸರನ್ನ ತಟ್ಟೆ ನೆಕ್ಕುತ್ತಾಳೆ, ನನ್ನ ಫಿಲ್ಟರ್ ಕಾಫಿಯೂ ಮರಳಿದೆ. ಎಳ್ಳು ಮಾತ್ರ ಇನ್ನೂ ಆಗುವುದಿಲ್ಲ. ಸಂಕ್ರಾಂತಿಗೆ ಎಳ್ಳು ಬೀರಲು ನಮ್ಮ ವಠಾರಕ್ಕೆ ಬರುವವರು ಸಕ್ಕರೆ ಅಚ್ಚನ್ನೂ ಕಬ್ಬನ್ನೂ ಬೇರೆ ಪೊಟ್ಟಣದಲ್ಲಿ ತನ್ನಿ, ಎಳ್ಳು ಮುಟ್ಟಿದ ಕೈ ತೊಳೆದು ಅವಳ ಕೆನ್ನೆ ಮುಟ್ಟಿ.