ಶಾಯಿ ಎಲ್ಲಿದೆ?

ಹೊಂಗನೂರಿನಲ್ಲಿ ಬಸ್ ಹತ್ತಿ ಚನ್ನಪಟ್ಟಣಕ್ಕೆ ಟಿಕೆಟ್ ಕೇಳಿ. ಕಂಡಕ್ಟರ್ ಕೈಯಲ್ಲಿರೋ ಮಷಿನ್ನು ಸರ್ರಂತ ಚೀಟಿ ಹೊರಗೆ ಹಾಕುತ್ತೆ. ಅದಕ್ಕೆ ಯಾರಾದರೂ ಶಾಯಿ ತುಂಬಿಸಿದ್ದನ್ನು ನೋಡಿದ್ದೀರಾ? ನೋಡಿರಲ್ಲ. ಶಾಯಿ ಇರೋದು ಕಾಗದದಲ್ಲೇ.

ನನಗೆ ಇದು ಅರ್ಥವಾಗಿದ್ದು ನಮ್ಮ ಮನೆಯ ಮಿಕ್ಸಿ ಕೆಟ್ಟಾಗ. ವಾರಂಟಿ ಇನ್ನೂ ಆರು ತಿಂಗಳಿತ್ತು. ಅಮ್ಮ ಬಿಲ್ಲನ್ನು ಜೋಪಾನವಾಗಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದರು. ತೆಗೆದು ನೋಡಿದರೆ ಬರೀ ಬಿಳಿ ಹಾಳೆ! ರಿಪೇರಿ ದುಡ್ಡು ನಾವೇ ಕೊಟ್ಟೆವು.

ಬಿಸಿ ಬರೆಯುವ ಅಕ್ಷರ

ಥರ್ಮಲ್ ಕಾಗದದ ಒಂದು ಮುಖಕ್ಕೆ ತೆಳುವಾದ ಲೇಪನ ಇರುತ್ತೆ. ಅದರಲ್ಲಿ ಬಣ್ಣವಿಲ್ಲದ ಲ್ಯೂಕೋ ಡೈ ಮತ್ತು ಆಮ್ಲ ಗುಣದ ಡೆವಲಪರ್ ಎರಡೂ ಪುಡಿಯಾಗಿ ಬೇರೆ ಬೇರೆ ಕೂತಿರುತ್ತವೆ. ಬಿಸಿ ತಾಗಿದ ಕಡೆ ಅವು ಕರಗಿ ಒಂದಕ್ಕೊಂದು ಸೇರುತ್ತವೆ, ಅಲ್ಲಿ ಕಪ್ಪು ಚುಕ್ಕೆ ಮೂಡುತ್ತೆ. ಉಗುರಿನಿಂದ ಜೋರಾಗಿ ಗೀರಿ ನೋಡಿ: ಗೆರೆ ಬಿದ್ದರೆ ಅದೇ ಲೇಪನದ ಮುಖ. ರೋಲ್ ಹಾಕುವಾಗ ಈ ಮುಖ ಹೆಡ್ ಕಡೆಗಿರಬೇಕು. ತಿರುಗಾಮುರುಗಾ ಹಾಕಿದರೆ ಖಾಲಿ ಚೀಟಿ ಬರುತ್ತೆ.

ಪ್ರಿಂಟ್ ಹೆಡ್ ಅಂದರೆ ಸಾಲಾಗಿ ಜೋಡಿಸಿದ ಪುಟಾಣಿ ಹೀಟರ್‌ಗಳು. 203 ಡಿಪಿಐ ಹೆಡ್‌ನಲ್ಲಿ ಒಂದು ಮಿಲಿಮೀಟರಿಗೆ 8. 58 ಮಿ.ಮೀ. ಕಾಗದದಲ್ಲಿ ಸಾಮಾನ್ಯವಾಗಿ 48 ಮಿ.ಮೀ. ಅಗಲಕ್ಕೆ ಮುದ್ರಣವಾಗುತ್ತೆ, ಅಂದರೆ 384 ಚುಕ್ಕೆ. ರಬ್ಬರ್ ರೋಲರ್ ಕಾಗದವನ್ನು ಮುಂದೆ ತಳ್ಳುತ್ತಿದ್ದಂತೆ ಬೇಕಾದ ಹೀಟರ್‌ಗಳು ಮಾತ್ರ ಕ್ಷಣಕಾಲ ಕಾಯುತ್ತವೆ.

ಚನ್ನಪಟ್ಟಣದ ಬೊಂಬೆ ಕೆಲಸದಲ್ಲೂ ಬಿಸಿಯದೇ ಆಟ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತೆ. ಆರಿದ ಮೇಲೆ ಆ ಬಣ್ಣ ಗಟ್ಟಿ. ಚೀಟಿಯ ಬಣ್ಣ ಹಾಗಲ್ಲ. ಎಣ್ಣೆ, ಸ್ಯಾನಿಟೈಸರ್, ಪಿವಿಸಿ ಕವರಿನಲ್ಲಿರುವ ಮೆದುಕಾರಕ ತಾಗಿದರೆ ಡೈ ಮತ್ತು ಡೆವಲಪರ್ ಬೇರೆಯಾಗಿ ಅಕ್ಷರ ಮಾಯ. ಬಿಸಿಲೂ ಅಷ್ಟೇ. ಅಮ್ಮನ ಜೋಪಾನವೇ ನಮ್ಮ ಬಿಲ್ಲನ್ನು ಅಳಿಸಿತ್ತು! ಹಾಗಂತ ಲ್ಯಾಮಿನೇಷನ್ ಮಾಡಿಸೀರಿ ಜೋಕೆ, ಆ ಬಿಸಿಗೆ ಇಡೀ ಚೀಟಿ ಕಪ್ಪಾಗುತ್ತೆ.

ಕೈ ಹಾಕುವ ಮುಂಚೆ

ಪ್ರಿಂಟಿನಲ್ಲಿ ಉದ್ದಕ್ಕೂ ಬಿಳಿ ಗೆರೆ ಬರುತ್ತಿದ್ದರೆ ಹೆಡ್‌ನಲ್ಲಿ ಕೊಳೆ ಕೂತಿದೆ, ಇಲ್ಲವೇ ಒಂದು ಹೀಟರ್ ಹೋಗಿದೆ. ಮೊದಲು ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆಯಿರಿ. ಹೆಡ್ ತಣ್ಣಗಾಗಲಿ, ಒಂದೇ ಸಮನೆ ಬಿಲ್ ಹೊಡೆದಿದ್ದರೆ ಕೈ ಸುಡುತ್ತೆ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಿ. ಹತ್ತಿರ ಬೆಂಕಿ ಬೇಡ, ಪೂರ್ತಿ ಆರಿದ ಮೇಲೆಯೇ ಆನ್ ಮಾಡಿ. ಬ್ಲೇಡು, ಸ್ಕ್ರೂಡ್ರೈವರ್ ತಾಗಿಸಲೇಬೇಡಿ. ಕಾಗದ ಹರಿಯುವ ಹಲ್ಲಿನಂಚು ಬೆರಳು ಕೊಯ್ಯುತ್ತೆ, ನೆನಪಿರಲಿ.

ಇನ್ನು ಕಾಗದದ ವಿಷಯ. ಹಲವು ರೋಲ್‌ಗಳಲ್ಲಿ ಡೆವಲಪರ್ ಆಗಿ ಬಳಸುವುದು ಬಿಸ್ಫಿನಾಲ್-ಎ. ಇದು ಹಾರ್ಮೋನುಗಳ ಕೆಲಸಕ್ಕೆ ಅಡ್ಡಬರುತ್ತೆ, ಚರ್ಮದ ಮೂಲಕವೂ ದೇಹ ಸೇರುತ್ತೆ. ಯುರೋಪಿಯನ್ ಒಕ್ಕೂಟ 2020ರ ಜನವರಿಯಿಂದ ಥರ್ಮಲ್ ಕಾಗದದಲ್ಲಿ ಇದು ತೂಕದ ಶೇ. 0.02ಕ್ಕಿಂತ ಕಡಿಮೆ ಇರಬೇಕೆಂದು ನಿಯಮ ಮಾಡಿದೆ. ಒಂದು ಟಿಕೆಟ್ ಮುಟ್ಟಿದರೆ ಗಾಬರಿ ಬೇಡ. ಆದರೆ ದಿನವಿಡೀ ಬಿಲ್ ಹರಿಯುವವರು ಊಟಕ್ಕೆ ಮುಂಚೆ ಸೋಪಿನಿಂದ ಕೈ ತೊಳೆಯಲಿ. ಸ್ಯಾನಿಟೈಸರ್ ಹಚ್ಚಿದ ಒದ್ದೆ ಕೈಯಲ್ಲಿ ಚೀಟಿ ಹಿಡಿದರೆ ಇನ್ನೂ ಹೆಚ್ಚು ಒಳಗೆ ಹೋಗುತ್ತೆ. ಟಿಕೆಟನ್ನು ಬಾಯಲ್ಲಿ ಕಚ್ಚಿಕೊಳ್ಳುವ ಅಭ್ಯಾಸವನ್ನೂ ಬಿಡೋಣ.

ವಾರಂಟಿ ಬಿಲ್ಲು, ಎಟಿಎಂ ಚೀಟಿ, ಹಣ ಕಟ್ಟಿದ ರಸೀದಿ ಯಾವುದೇ ಇರಲಿ, ಸಿಕ್ಕ ದಿನವೇ ಜೆರಾಕ್ಸ್ ಮಾಡಿಸಿ ಇಲ್ಲವೇ ಫೋಟೊ ತೆಗೆಯಿರಿ. ಈಗ ನಾನು ಅಂಗಡಿಯಿಂದ ಬಂದರೆ ಅಮ್ಮ ಸಾಮಾನು ಆಮೇಲೆ ನೋಡ್ತಾರೆ. ಮೊದಲು ಕೇಳೋದು, "ಬಿಲ್ಲಿನ ಫೋಟೊ ತೆಗೆದ್ಯೇನೋ?"