ಕರೆಂಟ್ ಬಂದ ಮೇಲೆ ಟೈಮರ್ ತಪ್ಪುತ್ತಿದೆಯಾ? ರೂಟರ್‌ನ ಫೈರ್‌ವಾಲ್ ನೋಡಿ

ಈ ಬೇಸಿಗೆಯಲ್ಲಿ ನನ್ನ ನೆರಳುಮನೆಯಲ್ಲಿ ಆರು ಟ್ರೇ ದೊಣ್ಣೆ ಮೆಣಸಿನಕಾಯಿ ಸಸಿ ಒಂದೇ ದಿನದಲ್ಲಿ ಬಾಡಿಹೋದವು. ರೋಗ ಅಲ್ಲ, ಹುಳ ಅಲ್ಲ. ಬೆಳಿಗ್ಗೆ 6ಕ್ಕೆ ಬೀಳಬೇಕಿದ್ದ ನೀರು ಮಧ್ಯಾಹ್ನ 3ರ ಮೇಲೆ ಬಿದ್ದಿತ್ತು, ಅಷ್ಟೇ.

ನನ್ನ ವಾಲ್ವ್‌ಗಳನ್ನು ನಡೆಸೋದು ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್. ಅದರ ಗಡಿಯಾರಕ್ಕೆ ಸೆಲ್ ಇಲ್ಲ. ಕರೆಂಟ್ ಹೋದರೆ ಸಮಯ ನಿಲ್ಲುತ್ತದೆ, ಬಂದಾಗ ಹೆಚ್ಚುಕಡಿಮೆ ನಿಂತಲ್ಲಿಂದಲೇ ಶುರುವಾಗುತ್ತದೆ. ಆಮೇಲೆ ಅದು ಇಂಟರ್ನೆಟ್‌ನಲ್ಲಿ ಸರಿಯಾದ ಸಮಯ ಕೇಳಿ ತಿದ್ದಿಕೊಳ್ಳಬೇಕು. ಆ ರಾತ್ರಿ 9ಕ್ಕೆ ಹೋದ ಕರೆಂಟ್ ಬಂದಿದ್ದು ಬೆಳಿಗ್ಗೆ 6ಕ್ಕೆ. ಪೈ ಮಾತ್ರ ಇನ್ನೂ ರಾತ್ರಿ 9 ಅಂದುಕೊಂಡಿತ್ತು.

ಇಂಟರ್ನೆಟ್ ಇರಲಿಲ್ವಾ ಅಂತ ಕೇಳಬಹುದು. ಇತ್ತು! ಹವಾಮಾನದ ಮಾಹಿತಿ ಬರ್ತಿತ್ತು, ಆಪ್ ಓಡ್ತಿತ್ತು. ನಾನು ಮೋಸಹೋಗಿದ್ದೇ ಅಲ್ಲಿ. ವೆಬ್‌ಸೈಟ್‌ಗಳು ಬಳಸೋದು 80 ಮತ್ತು 443ನೇ ಪೋರ್ಟ್. ಸಮಯ ಕೇಳುವ ಎನ್‌ಟಿಪಿಗೆ ಬೇರೆಯೇ ಬಾಗಿಲು: ಯುಡಿಪಿ 123. ಹೊಸದಾಗಿ ಹಾಕಿದ್ದ ಲಿನಕ್ಸ್ ರೂಟರ್‌ನಲ್ಲಿ, ಅಂದರೆ ಓಪನ್‌ಡಬ್ಲ್ಯೂಆರ್‌ಟಿಯಲ್ಲಿ, ಸುರಕ್ಷತೆಗೆ ಅಂತ ವೆಬ್ ಮತ್ತು ಡಿಎನ್‌ಎಸ್ ಬಿಟ್ಟು ಉಳಿದದ್ದೆಲ್ಲ ಬಂದ್ ಮಾಡಿದ್ದೆ. 123 ಮರೆತಿದ್ದೆ. ರೂಟರ್‌ನ ಪುಟದಲ್ಲಿ ಸಮಯ ಸರಿಯಾಗೇ ಇತ್ತು, ಯಾಕಂದ್ರೆ ಆ ನಿಯಮ ರೂಟರ್ ದಾಟಿ ಹೋಗುವ ಸಾಧನಗಳಿಗೆ ಮಾತ್ರ, ರೂಟರ್‌ಗಲ್ಲ.

ನಿಮ್ಮಲ್ಲೂ ಹೀಗಾಗಿದ್ದರೆ ಹೀಗೆ ಮಾಡಿ:

1. ಮೊದಲು ವಾಲ್ವ್‌ಗಳನ್ನು ಮ್ಯಾನುಯಲ್‌ಗೆ ಹಾಕಿ. ಸಮಯ ತಟ್ಟನೆ ಹಾರಿದಾಗ ಒಂದು ಸರದಿ ತಪ್ಪಬಹುದು.

2. ಪೈಯನ್ನು ಮೊಬೈಲ್ ಹಾಟ್‌ಸ್ಪಾಟ್‌ಗೆ ಸೇರಿಸಿ. ಒಂದೆರಡು ನಿಮಿಷದಲ್ಲಿ ಗಡಿಯಾರ ಸರಿಹೋದರೆ ತಡೆ ಇರೋದು ರೂಟರ್‌ನಲ್ಲೇ.

3. ರೂಟರ್ ಪುಟದಲ್ಲಿ ನೆಟ್‌ವರ್ಕ್, ಫೈರ್‌ವಾಲ್, ಟ್ರಾಫಿಕ್ ರೂಲ್ಸ್‌ಗೆ ಹೋಗಿ ಹೊಸ ನಿಯಮ ಸೇರಿಸಿ. ಪ್ರೊಟೊಕಾಲ್ ಯುಡಿಪಿ, ಸೋರ್ಸ್ ಲ್ಯಾನ್, ಡೆಸ್ಟಿನೇಶನ್ ವ್ಯಾನ್, ಡೆಸ್ಟಿನೇಶನ್ ಪೋರ್ಟ್ 123, ಆಕ್ಷನ್ ಅಕ್ಸೆಪ್ಟ್.

4. ನಿಯಮಗಳನ್ನು ರೂಟರ್ ಮೇಲಿನಿಂದ ಕೆಳಗೆ ಓದುತ್ತದೆ. ಹೊಸದನ್ನು ಬಂದ್ ಮಾಡುವ ನಿಯಮಕ್ಕಿಂತ ಮೇಲಕ್ಕೆ ಎಳೆದಿಟ್ಟು ಸೇವ್ ಅಂಡ್ ಅಪ್ಲೈ ಒತ್ತಿ.

5. ಹಾಟ್‌ಸ್ಪಾಟ್ ತೆಗೆದು, ಪೈಯನ್ನು ರೂಟರ್‌ಗೇ ಸೇರಿಸಿ ರೀಸ್ಟಾರ್ಟ್ ಮಾಡಿ. ಟೈಮ್‌ಡೇಟ್‌ಸಿಟಿಎಲ್ ಆದೇಶ ಕೊಟ್ಟಾಗ ಸಿಸ್ಟಮ್ ಕ್ಲಾಕ್ ಸಿಂಕ್ರೊನೈಸ್ಡ್ ಎದುರು ‘ಯೆಸ್’ ಬಂದರೆ ಕೆಲಸ ಮುಗೀತು. ವಾಲ್ವ್‌ಗಳನ್ನು ಮತ್ತೆ ಆಟೊಗೆ ಹಾಕಿ.

ಒಂದು ಎಚ್ಚರಿಕೆ: ಹೊರಗಿನಿಂದ ಒಳಕ್ಕೆ 123 ತೆರೆಯಬೇಡಿ, ಪೋರ್ಟ್ ಫಾರ್ವರ್ಡಿಂಗ್ ಬೇಕಿಲ್ಲ. ನಾವು ಕೇಳಿದ್ದಕ್ಕೆ ಬರುವ ಉತ್ತರವನ್ನು ಫೈರ್‌ವಾಲ್ ಗುರುತು ಹಿಡಿದು ಒಳಗೆ ಬಿಡುತ್ತದೆ.

ಕರೆಂಟ್ ಜೊತೆ ನೆಟ್ಟೂ ಹೋಗುವ ಊರಾದರೆ ಸೆಲ್ ಇರುವ ಡಿಎಸ್ 3231 ಗಡಿಯಾರದ ಮಾಡ್ಯೂಲ್ ಒಂದನ್ನು ಪೈಗೆ ಜೋಡಿಸಿಕೊಳ್ಳಿ. ನಾನೂ ಈಗ ಹಾಕಿದ್ದೇನೆ. ಆದರೂ ಕರೆಂಟ್ ಬಂದ ಬೆಳಿಗ್ಗೆ ಮೊದಲು ಗಡಿಯಾರ ನೋಡ್ತೀನಿ, ಆಮೇಲೆ ಸಸಿ.