ಕಾರಿನಡಿಯ ಜೇನುಗೂಡು

ಬೆಳಿಗ್ಗೆ ಶೆಡ್ಡಿನಲ್ಲೇ ಕಾರು ಸ್ಟಾರ್ಟ್ ಮಾಡಿ, "ಎಂಜಿನ್ ಸ್ವಲ್ಪ ಬಿಸಿಯಾಗಲಿ" ಅಂತ ಬಿಟ್ಟು, ನಿಮ್ಮ ಮನೆಯವರು ಒಳಗೆ ಬಂದು ಕಾಫಿ ಕುಡಿಯುತ್ತಾರೆಯೇ? ಹಾಗಾದರೆ ಸೋದರಿ, ಈ ನಾಲ್ಕು ಮಾತು ನಿಮಗಾಗಿ.

ಪೆಟ್ರೋಲು ಪೂರ್ತಿ ಉರಿಯದಿದ್ದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಆದರೆ ವಿಷ. ಜೊತೆಗೆ ಉರಿಯದೆ ಉಳಿದ ಪೆಟ್ರೋಲಿನ ಆವಿ, ಸಾರಜನಕದ ಆಕ್ಸೈಡುಗಳು. ಇವನ್ನು ತಡೆಯಲೆಂದೇ ಈಗಿನ ಪೆಟ್ರೋಲ್ ಕಾರುಗಳ ಹೊಗೆಕೊಳವೆಯ ದಾರಿಯಲ್ಲಿ ಒಂದು ಡಬ್ಬಿ ಇರುತ್ತದೆ. ಅದೇ ಕ್ಯಾಟಲಿಟಿಕ್ ಕನ್ವರ್ಟರ್. ಒಳಗೆ ಸಾಮಾನ್ಯವಾಗಿ ಜೇನುಗೂಡಿನಂಥ ಸಣ್ಣ ಕಂಡಿಗಳ ಪಿಂಗಾಣಿ. ಅದರ ಮೇಲೆ ಪ್ಲಾಟಿನಂ, ಪೆಲ್ಲೇಡಿಯಂ, ರೋಡಿಯಂ ಲೋಹಗಳ ತೆಳು ಲೇಪ. ಮದುವೆ ಕುದುರಿಸುವ ಹಿರಿಯರ ಹಾಗೆ ಈ ಲೋಹಗಳು ಕೂಡಿಸುವುದನ್ನು ಕೂಡಿಸಿ, ಬಿಡಿಸುವುದನ್ನು ಬಿಡಿಸಿ, ತಾವು ಮಾತ್ರ ಖರ್ಚಾಗದೆ ಉಳಿಯುತ್ತವೆ. ಹೊರಬರುವುದು ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್, ನೀರಾವಿ, ಸಾರಜನಕ.

ನಮ್ಮ ದೇಶದಲ್ಲಿ 1995ರ ಏಪ್ರಿಲಿನಿಂದ ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈಗಳ ಹೊಸ ಪೆಟ್ರೋಲ್ ಕಾರುಗಳಿಗೆ ಇದು ಕಡ್ಡಾಯವಾಯಿತು. ಆಗ ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸ ಈ ಲೇಪವನ್ನು ಕೆಡಿಸುತ್ತಿತ್ತು. 2000ದಲ್ಲಿ ಸೀಸದ ಪೆಟ್ರೋಲಿನ ಮಾರಾಟ ದೇಶದಾದ್ಯಂತ ನಿಂತಿತು. ಮಕ್ಕಳ ಮಿದುಳಿಗೂ ಸೀಸ ಶತ್ರುವೇ. ಅದೊಂದು ದೊಡ್ಡ ಉಪಕಾರವಾಯಿತು.

ಹಾಗಾದರೆ ಶೆಡ್ಡಿನಲ್ಲಿ ಭಯವೇಕೆ ಅಂತೀರಾ? ಕಾವಲಿ ಕಾಯದೆ ದೋಸೆ ಏಳುವುದುಂಟೆ? ಈ ಡಬ್ಬಿಯೂ ಸುಮಾರು 250–300 ಡಿಗ್ರಿ ಸೆಲ್ಸಿಯಸ್ ಕಾದ ಮೇಲೆಯೇ ಸರಿಯಾಗಿ ಕೆಲಸ ಮಾಡುವುದು. ಅಲ್ಲಿಯವರೆಗೆ ವಿಷ ಹಾಗೇ ಹೊರಬರುತ್ತದೆ. ಮನೆಗೆ ಅಂಟಿಕೊಂಡ ಶೆಡ್ಡಾದರೆ ಒಳಕೋಣೆಗೂ ನುಸುಳೀತು. ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಪಿತ್ತವೆಂದು ಸುಮ್ಮನೆ ಮಲಗಬೇಡಿ. ಎಲ್ಲರೂ ಕೂಡಲೇ ಹೊರಗಿನ ಗಾಳಿಗೆ ಬನ್ನಿ, ತಡಮಾಡದೆ ವೈದ್ಯರನ್ನು ಕಾಣಿ.

ಇಷ್ಟು ನೆನಪಿಡಿ:

• ಸ್ಟಾರ್ಟ್ ಮಾಡಿದ ಕೂಡಲೇ ಕಾರನ್ನು ಶೆಡ್ಡಿನಿಂದ ಹೊರಗೆ ತನ್ನಿ. ಈಗಿನ ಎಂಜಿನ್ನುಗಳನ್ನು ನಿಲ್ಲಿಸಿಕೊಂಡು ಬಿಸಿ ಮಾಡಬೇಕಿಲ್ಲ. ಮೊದಲೆರಡು ಮೈಲಿ ನಿಧಾನವಾಗಿ ಓಡಿಸಿದರೆ ಸಾಕು.

• ಎಂಜಿನ್ ಮುಗ್ಗರಿಸಿದರೆ, ಎದುರಿನ ಎಂಜಿನ್ ದೀಪ ಹತ್ತಿದರೆ ಮೆಕ್ಯಾನಿಕ್‌ಗೆ ತೋರಿಸಿ. ಉರಿಯದ ಪೆಟ್ರೋಲು ಡಬ್ಬಿಯೊಳಗೆ ಹೊತ್ತಿಕೊಂಡರೆ ಜೇನುಗೂಡು ಕರಗಿ, ಹೊಗೆಗೆ ದಾರಿ ಕಟ್ಟಿ, ಎಂಜಿನ್ನಿನ ಎಳೆತವೇ ಕುಗ್ಗುತ್ತದೆ.

• ಒಕ್ಕಣೆಗೆಂದು ರಸ್ತೆಗೆ ಹಾಸಿದ ಒಣಹುಲ್ಲಿನ ಮೇಲೆ ಕಾರು ನಿಲ್ಲಿಸಬೇಡಿ. ಕಾದ ಡಬ್ಬಿಯಿಂದ ಬೆಂಕಿ ಹತ್ತೀತು!

• "ತೆಗೆಸಿಬಿಡಿ, ಮೈಲೇಜು ಬರುತ್ತೆ" ಅನ್ನುವವರ ಮಾತಿಗೆ ಮರುಳಾಗಬೇಡಿ. ಹೊಗೆ ಕುಡಿಯುವವರು ನಮ್ಮ ಮಕ್ಕಳೇ.

• ಕೆಟ್ಟು ಬದಲಾಯಿಸಿದರೆ ಹಳೆಯ ಡಬ್ಬಿಯನ್ನು ಪುಕ್ಕಟೆ ಬಿಟ್ಟುಬರಬೇಡಿ. ಒಳಗಿನ ಲೋಹಕ್ಕೆ ಗುಜರಿಯಲ್ಲೂ ಬೆಲೆಯುಂಟು!